ತಂಗಿಯ ರಕ್ತ, ನನ್ನ ಹೆಸರು

ಮೊದಲೇ ಹೇಳಿಬಿಡುತ್ತೇನೆ. ಮೆಂತ್ಯದ ನೀರು, ಹಾಗಲಕಾಯಿ ರಸ, ಬೆಳಗಿನ ವಾಕಿಂಗು, ಇವುಗಳ ಸಲುವಾಗಿ ಇದನ್ನು ಓದುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ. ಅದನ್ನೆಲ್ಲ ಹೇಳುವವರು ಆದೋನಿಯ ಪ್ರತಿ ಓಣಿಯಲ್ಲೂ ಇದ್ದಾರೆ, ಕೇಳದಿದ್ದರೂ ಹೇಳುತ್ತಾರೆ. ನನಗೆ ಶುಗರ್ ಬಂದು ಏಳು ವರ್ಷವಾಯಿತು. ಶುಗರ್ ಇಟ್ಟುಕೊಂಡು ಇನ್ಶೂರೆನ್ಸ್ ಮಾಡಿಸಲು ಹೋಗಿ ನಾನು ಏನು ಮಾಡಿದೆ ಎನ್ನುವುದನ್ನಷ್ಟೇ ಬರೆಯುತ್ತೇನೆ. ನನ್ನಂಥ ಯಾರಾದರೂ ಆ ಫಾರಂ ಮುಂದೆ ಪೆನ್ನು ಹಿಡಿದು ಕೂತಿದ್ದರೆ ಅವರಿಗಾಗಿ ಇದು. ಉಳಿದವರು ಓದಿ ಬೈಯಬಹುದು. ನಮ್ಮ ಓಣಿಯವರು ಬೈದು ಮುಗಿಸಿದ್ದಾರೆ.

ನನ್ನ ಹೆಸರು ಈರಮ್ಮ. ಮನೆಯ ಮುಂದಿನ ಪಡಸಾಲೆಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುತ್ತೇನೆ. ಖಾನಾವಳಿಯವರು, ಹತ್ತಿ ಅಂಗಡಿಯ ಗುಮಾಸ್ತರು, ಮದುವೆ ಮನೆಯವರು ಒಯ್ಯುತ್ತಾರೆ. ತವರು ಹಾಲಹರವಿ. ಅಲ್ಲಿಯ ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದ್ದರಿಂದ ಇಷ್ಟು ಬರೆಯಲು ಬರುತ್ತದೆ. ನನಗಿಂತ ನಾಲ್ಕು ವರ್ಷ ಚಿಕ್ಕವಳು ತಂಗಿ ಪಾರ್ವತಿ, ನಮಗೆಲ್ಲ ಪಾರಿ. ನನ್ನನ್ನು ಈ ಮನೆಯ ಹಿರಿಯ ಮಗನಿಗೆ ಕೊಟ್ಟರು, ಐದು ವರ್ಷದ ಮೇಲೆ ಅವಳನ್ನು ಕಿರಿಯ ಮಗ ಮಲ್ಲಪ್ಪನಿಗೆ ಕೊಟ್ಟರು. ನಮ್ಮ ಕಡೆ ಇದು ಹೊಸದಲ್ಲ. ಅಕ್ಕ-ತಂಗಿಯರು ನೆಗೆಣ್ಣಿಯರಾದರೆ ಮನೆ ಒಡೆಯುವುದಿಲ್ಲ ಎಂದು ಹಿರಿಯರ ನಂಬಿಕೆ. ಪಾರಿಗೆ ಮಕ್ಕಳಾಗಲಿಲ್ಲ. ನನ್ನ ಮಗಳು ಗೀತಾ ಅವಳನ್ನು ಚಿಗವ್ವ ಎಂದು ಕರೆಯುತ್ತ ಅವಳ ಸೊಂಟದ ಮೇಲೇ ಬೆಳೆದಳು.

ನನ್ನ ಗಂಡ ಹತ್ತಿ ಮಾರ್ಕೆಟ್ಟಿನಲ್ಲಿ ತೂಕ ಮಾಡುತ್ತಿದ್ದರು. ಒಂದು ದಿನ ಲಾರಿಯ ಮೇಲಿಂದ ಹತ್ತಿ ತುಂಬಿದ ಅಂಡಿಗೆ ಜಾರಿ ಅವರ ಮೇಲೆ ಬಿತ್ತು. ಹತ್ತಿ ಎಂದರೆ ಹಗುರ ಎನ್ನುವವರು ಅಂಡಿಗೆ ಎತ್ತಿ ನೋಡಬೇಕು. ಹೆಣ ಇನ್ನೂ ಮನೆಯಲ್ಲಿತ್ತು, ಬಂದವರಲ್ಲಿ ಮೂರು ಜನ ನನ್ನ ಕಿವಿಯ ಹತ್ತಿರ ಬಂದು ಕೇಳಿದ್ದು ಒಂದೇ: ‘ಪಾಲಿಸಿ ಗೀಲಿಸಿ ಏನರ ಐತೇನಮ್ಮಾ?’ ಇರಲಿಲ್ಲ. ಇಲ್ಲ ಎಂದು ತಲೆ ಅಲ್ಲಾಡಿಸಿದಾಗ ಅವರು ಹಾಕಿದ ‘ಅಯ್ಯೋ’ ಇದೆಯಲ್ಲ, ಅದು ಸತ್ತವನಿಗಾಗಿ ಹಾಕಿದ ‘ಅಯ್ಯೋ’ಗಿಂತ ಜೋರಾಗಿತ್ತು. ಆ ಸದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಅದಾಗಿ ಎರಡು ವರ್ಷಕ್ಕೆ ನನಗೆ ಶುಗರ್ ಬಂತು. ಹಂಚು ತಾಗಿದ ಬೆರಳಿನ ಗಾಯ ತಿಂಗಳಾದರೂ ಮಾಯಲಿಲ್ಲ. ಡಾಕ್ಟರ ಹತ್ತಿರ ಹೋದೆ. ರಕ್ತ ಕೊಟ್ಟು ಹೊರಗೆ ಬೆಂಚಿನ ಮೇಲೆ ಕೂತು ಕೂತು ಸೊಂಟ ಹಿಡಿದ ಮೇಲೆ ಕಾಂಪೌಂಡರ್ ಬಾಗಿಲಿಗೆ ಬಂದು ‘ಈರಮ್ಮ’ ಎಂದು ಕೂಗಿದ. ಮೂವರು ಎದ್ದೆವು. ಅವನು ಚೀಟಿ ನೋಡಿ, ‘ಮೊಣಕಾಲು ಈರಮ್ಮ ಕೂಡ್ರು, ಬೀಪಿ ಈರಮ್ಮ ಕೂಡ್ರು, ಶುಗರ್ ಈರಮ್ಮ ಬಾ’ ಎಂದ. ಡಾಕ್ಟರು ಹೇಳುವ ಮೊದಲೇ ನನ್ನ ರೋಗ ಇಡೀ ಬೆಂಚಿಗೆ ಗೊತ್ತಾಯಿತು. ಪಕ್ಕದ ಮುದುಕಿಯೊಬ್ಬಳು ತನ್ನ ಕಾಲಿನ ಬ್ಯಾಂಡೇಜು ತೋರಿಸಿ, ‘ಏನೂ ಆಗಲ್ಲವ್ವ, ಹೋಗು, ಗುಳಿಗಿ ಕೊಡ್ತಾರ’ ಎಂದು ನನ್ನ ಬೆನ್ನು ಸವರಿದಳು. ಆ ದಿನ ಸಿಕ್ಕ ಸಮಾಧಾನ ಅಷ್ಟೇ.

ಮನೆಯಲ್ಲಿ ಅತ್ತೆಗೆ ಹೇಳಿದೆ. ಅತ್ತೆಗೆ ಆಗಲೇ ಎಂಬತ್ತರ ಹತ್ತಿರ. ಚಹಾಕ್ಕೆ ಮೂರು ಚಮಚ ಸಕ್ಕರೆ ಬೇಕು, ಕೊನೆಗೆ ಲೋಟದ ತಳದಲ್ಲಿ ಉಳಿದದ್ದನ್ನು ಬೆರಳು ಹಾಕಿ ನೆಕ್ಕುತ್ತಾರೆ, ಯಾವ ರೋಗವೂ ಇಲ್ಲ. ‘ಗಂಡನ್ನ ತಿಂದಾಕಿಗೆ ಸಕ್ರಿ ಜೀರ್ಣ ಆಗಲಿಲ್ಲ ನೋಡು’ ಎಂದರು. ಮಲ್ಲಪ್ಪ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್, ಹೆಚ್ಚು ಮಾತಿನವನಲ್ಲ. ‘ಗುಳಿಗಿ ತಪ್ಪಸಬ್ಯಾಡ್ರಿ ಅತ್ತಿಗಿ’ ಎಂದ. ಪಾರಿ ಅಂದಿನಿಂದ ನನ್ನ ಚಹಾವನ್ನು ಬೇರೆ ಪಾತ್ರೆಯಲ್ಲಿ ಕಾಸಿದಳು, ತನ್ನದನ್ನೂ ಅದರಲ್ಲೇ ಕಾಸಿಕೊಂಡಳು. ‘ನಿನಗ್ಯಾಕ ಸಪ್ಪನ್ನ ಚಾ?’ ಎಂದರೆ, ‘ನೀ ಒಬ್ಬಾಕಿ ಮಾರಿ ಕಿವಿಚಿಗೊಂಡು ಕುಡಿಯಾದು ನೋಡಾಕ ಆಗಲ್ಲ’ ಎಂದಳು.

ಸಾಯುವ ಭಯ ನನಗೆ ಹೆಚ್ಚು ಇರಲಿಲ್ಲ. ನಾನು ಸತ್ತರೆ ಗೀತಾಳ ಗತಿ ಏನು ಎನ್ನುವುದೊಂದೇ ಹಗಲೆಲ್ಲ ರೊಟ್ಟಿ ಬಡಿಯುವಾಗ ತಲೆಯಲ್ಲಿ ಬಡಿಯುತ್ತಿತ್ತು. ಅವಳು ಆಗ ಒಂಬತ್ತನೇ ಕ್ಲಾಸು. ಪಾಲಿಸಿ ಮಾಡಿಸುತ್ತೇನೆ ಎಂದಾಗ ಪಾರಿ ಹಿಟ್ಟಿನ ಕೈಯಲ್ಲೇ ನನ್ನ ಕಡೆ ತಿರುಗಿದಳು.

‘ನಾನಿಲ್ಲೇನು? ಗೀತಾ ನನ್ನ ಮಗಳಲ್ಲೇನು? ನಿನಗ ಪಾಲಿಸಿ ಯಾಕ ಬೇಕು?’

‘ಹಡದಾಕಿಗೆ ಗೊತ್ತಾಗತೈತಿ ಅದು, ನಿನಗ ಗೊತ್ತಾಗಲ್ಲ’ ಎಂದೆ.

ನನ್ನ ಬಾಯಿ ಹಾಗೆಯೇ. ಪಾರಿ ಹಿಟ್ಟು ನಾದುವುದನ್ನು ಮುಂದುವರಿಸಿದಳು. ಆಡಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಪಾಲಿಸಿ ಮಾಡಿಸಲು ಬಂದವನು ಎಮ್ಮಿಗನೂರಿನ ವೀರೇಶ. ನಮ್ಮ ಸೋದರತ್ತೆಯ ಕಡೆ ನೆಂಟ, ಮಗ್ಗ ಬಿಟ್ಟು ಏಜೆಂಟನಾದವನು. ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಾನೆ. ಫಾರಂ ತೆಗೆದು ಪಟಪಟನೆ ತುಂಬಿದ. ಒಂದು ಕಡೆ ಪೆನ್ನು ನಿಂತಿತು.

‘ಇಲ್ಲಿ ಶುಗರ್ ಐತೇನು ಅಂತ ಕೇಳ್ಯಾರ. ಹೌದು ಅಂತ ಬರದ್ರ ಕೊಡೋದಿಲ್ಲಕ್ಕಾ. ಇಲ್ಲ ಅಂತ ಬರೀತೀನಿ. ಏಂ ಕಾದು.’

ಏನೂ ಆಗಲ್ಲ ಎಂದು ಅವನು ತೆಲುಗಿನಲ್ಲಿ ಹೇಳಿದ್ದು ಎಷ್ಟು ಸಲೀಸಾಗಿತ್ತೆಂದರೆ ನಾನೂ ಸಲೀಸಾಗಿ ಗೋಣು ಹಾಕಿದೆ. ನಾಲ್ಕು ದಿನದ ಮೇಲೆ ಮತ್ತೆ ಬಂದ. ಕಂಪನಿಯವರು ರಕ್ತ ಪರೀಕ್ಷೆಗೆ ಮನೆಗೇ ಲ್ಯಾಬಿನವನನ್ನು ಕಳಿಸುತ್ತಾರಂತೆ. ಮೂರು ತಿಂಗಳ ಸಕ್ಕರೆಯನ್ನು ಒಂದೇ ಸಲಕ್ಕೆ ಹೇಳಿಬಿಡುವ ಪರೀಕ್ಷೆ, ಒಂದು ದಿನ ಉಪವಾಸ ಇದ್ದು ಮೋಸ ಮಾಡಲು ಆಗುವುದಿಲ್ಲ. ನಾನು ತಲೆಗೆ ಕೈ ಹಚ್ಚಿ ಕೂತೆ. ವೀರೇಶ ಒಳಗೆ ರೊಟ್ಟಿ ಜೋಡಿಸುತ್ತಿದ್ದ ಪಾರಿಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

‘ಚಿಕ್ಕಕ್ಕಾಗ ಏನೂ ಬ್ಯಾನಿ ಇಲ್ಲಲ್ಲ? ಮಾರಿ ನಿಮ್ಮದಽ ಐತಿ. ಆಧಾರ್ ಕಾರ್ಡಿನ ಫೋಟೊದಾಗ ಹೆಂಗೂ ಯಾರು ಯಾರಂಗೂ ಕಾಣಲ್ಲ.’

ಪಾರಿ ಅಲ್ಲಿಂದಲೇ, ‘ನಾ ಕೊಡ್ತೀನಿ ಬಿಡಪ. ಒಂದು ಸೂಜಿ ಚುಚ್ಚಿದ್ರ ಸಾಯ್ತೀನೇನು?’ ಎಂದಳು. ಅವಳನ್ನು ನಾನು ಕೇಳಬೇಕಾಗಲೇ ಇಲ್ಲ.

ಸೋಮವಾರ ಬೆಳಿಗ್ಗೆ ಲ್ಯಾಬಿನವನು ಬರುವವನಿದ್ದ. ಮಲ್ಲಪ್ಪ ಮಿಲ್ಲಿಗೆ ಹೋಗಿದ್ದ. ವೀರೇಶ ಬೇಗ ಬಂದು ಪಾರಿಯನ್ನು ನೋಡಿ ನಾಲಿಗೆ ಕಚ್ಚಿಕೊಂಡ. ‘ಅಕ್ಕಾ, ಫಾರಂನ್ಯಾಗ ಗಂಡ ತೀರಿಕೊಂಡಾನ ಅಂತ ಐತಿ. ಅಂವ ಫೋಟೊ ತಗೀತಾನ. ಕುಂಕುಮ, ಬಳಿ, ತಾಳಿ ಎಲ್ಲಾ ಹಂಗಽ ಅದಾವಲ್ಲ?’

ಬೇಡ ಎನ್ನಲು ಅದೊಂದು ಗಳಿಗೆ ನನಗೆ ಸಿಕ್ಕಿತ್ತು. ನಾನು ಪಾರಿಯ ಕೈ ಹಿಡಿದು ಬಚ್ಚಲಿಗೆ ಕರೆದೊಯ್ದೆ, ಸಾಬೂನು ಹಚ್ಚಿ ಹಸಿರು ಬಳೆಗಳನ್ನು ಒಂದೊಂದಾಗಿ ಇಳಿಸಿದೆ. ತಾಳಿಯನ್ನು ಅವಳೇ ಕುಪ್ಪಸದ ಒಳಗೆ ಸೇರಿಸಿಕೊಂಡಳು. ಹಣೆಯ ಕುಂಕುಮವನ್ನು ಮಾತ್ರ ಅವಳು ಒರೆಸಿಕೊಳ್ಳಲಿಲ್ಲ, ಕೈ ಮೇಲೆತ್ತಿ ಹಾಗೇ ಇಳಿಸಿದಳು. ನಾನೇ ಸೆರಗಿನ ತುದಿ ಒದ್ದೆ ಮಾಡಿ ಒರೆಸಿದೆ.

ಹೊರಗೆ ಬಂದಾಗ ಅತ್ತೆ ಅವಳನ್ನು ನೋಡಿ ಲೋಟ ಬಿಟ್ಟರು. ‘ಅಯ್ಯಯ್ಯೋ ಶಿವನಽ, ಗಂಡ ಜೀವಂತ ಇರಾಗ ಇದೇನು ಅವತಾರೇ ರಂಡೇರಾ!’ ಎಂದು ಕೂಗಿದರು. ಓಣಿಗೆ ಕೇಳಬಾರದೆಂದು ನಾನು ಅತ್ತೆಯನ್ನು ಒಳಗೆ ಕೂರಿಸಿ ಬಾಗಿಲು ಎಳೆದುಕೊಂಡೆ.

ಲ್ಯಾಬಿನವನು ಒಳ್ಳೆಯ ಹುಡುಗಾಟದ ಮನುಷ್ಯ, ನೀಲಿ ಪೆಟ್ಟಿಗೆ ತೆರೆದು ಕೂತ. ‘ಹೆಸರೇನಮ್ಮಾ?’

‘ಈರಮ್ಮ’ ಎಂದಳು ಪಾರಿ.

‘ಗಂಡನ ಹೆಸರು?’

ನಮ್ಮಲ್ಲಿ ಹೆಂಗಸರು ಸ್ವಂತ ಗಂಡನ ಹೆಸರನ್ನೇ ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯಲ್ಲಿ ಒಗಟು ಹಾಕಿ ಹೇಳಿದ್ದೇ ಕೊನೆ. ಪಾರಿ ನನ್ನ ಕಡೆ ನೋಡಿದಳು. ನಾನು ಕಣ್ಣಲ್ಲೇ ‘ಹೇಳು’ ಎಂದೆ. ಸತ್ತುಹೋದ ನನ್ನ ಗಂಡನ ಹೆಸರನ್ನು ಅವಳು ತನ್ನ ಗಂಡನದೆಂದು ಹೇಳಿದಳು. ಅವನು ಫೋಟೊ ತೆಗೆದ, ರಕ್ತ ತೆಗೆದ, ‘ಆಯ್ತಮ್ಮಾ, ನಾಷ್ಟಾ ಮಾಡ್ರಿ’ ಎಂದು ಎದ್ದ. ಅವನು ತಿರುವು ದಾಟುವ ಮೊದಲೇ ಪಾರಿ ಕುಂಕುಮದ ಬಟ್ಟಲಿಗೆ ಬೆರಳು ಹಾಕಿದ್ದಳು.

ಹತ್ತು ದಿನದ ಮೇಲೆ ವೀರೇಶ ಗಾಡಿ ನಿಲ್ಲಿಸಿದ ರೀತಿಯಲ್ಲೇ ಏನೋ ಆಗಿದೆ ಎಂದು ತಿಳಿಯಿತು. ಒಂದು ಹಾಳೆಯನ್ನು ನನ್ನ ಮುಂದೆ ಹಿಡಿದ.

‘ಅಕ್ಕಾ, ಯಾರ ರಕ್ತ ಕೊಟ್ರಿ ನೀವು? ಆರರ ಒಳಗ ಇರಬೇಕಾದ್ದು ಹನ್ನೊಂದು ದಾಟೈತಿ! ಕಂಪನಿಯವರು ಆಗಲ್ಲ ಅಂತ ಬರದಾರ.’

ಎರಡು ವರ್ಷದಿಂದ ಗುಳಿಗೆ ನುಂಗುವ ನನ್ನದೇ ಆ ಪರೀಕ್ಷೆಯಲ್ಲಿ ಏಳು ಚಿಲ್ಲರೆ ಇತ್ತು. ನನ್ನ ರಕ್ತವನ್ನೇ ಕೊಟ್ಟಿದ್ದರೆ ಇದಕ್ಕಿಂತ ಎಷ್ಟೋ ವಾಸಿ. ರೋಗವಿಲ್ಲ ಎಂದು ನಾವು ತಂದು ಕೂರಿಸಿದ ಪಾರಿಯ ಮೈಯಲ್ಲಿ ನನಗಿಂತ ಹೆಚ್ಚು ಸಕ್ಕರೆ ಇತ್ತು.

ಆ ಕ್ಷಣದಲ್ಲಿ ಒಬ್ಬ ಅಕ್ಕನ ಬಾಯಲ್ಲಿ ಬರಬೇಕಾದ ಮಾತು ಯಾವುದೆಂದು ಎಲ್ಲರಿಗೂ ಗೊತ್ತು. ನನ್ನ ಬಾಯಲ್ಲಿ ಬಂದದ್ದು ಇದು: ‘ನಿನಗ ಐತಿ ಅಂತ ಮೊದಲಽ ಬೊಗಳಾಕ ಏನಾಗಿತ್ತೇ? ನನ್ನ ಮಗಳ ಬಾಳಿಗೆ ಮಣ್ಣು ಹಾಕಿದ್ಯಲ್ಲ!’

ಪಾರಿ ಹಾಳೆಯನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ‘ನನಗೇನು ಗೊತ್ತಕ್ಕ’ ಎಂದಳು. ದನಿ ಸಣ್ಣದಾಗಿತ್ತು.

ವೀರೇಶ ಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದ: ‘ಒಂದು ವರ್ಷ ಎಲ್ಲಾರೂ ಸುಮ್ಕಿರ್ರಿ. ಆಮ್ಯಾಲೆ ಬ್ಯಾರೆ ಕಂಪನಿಗೆ ಹಾಕೂಣ. ಅಲ್ಲೀತನ ಈ ಸುದ್ದಿ ಹೊರಗ ಬಂದ್ರ ನನ್ನ ಲೈಸೆನ್ಸು ಹೋಗತೈತಿ, ನಿಮ್ಮ ಮ್ಯಾಲೆ ಕೇಸು ಆಗತೈತಿ.’

ಅವನು ಹೋದ ಮೇಲೆ ನಾನು ಪಾರಿಯ ಮುಂದೆ ಬೆರಳು ಅಲ್ಲಾಡಿಸಿ ಹೇಳಿದ ಮಾತು ಅಕ್ಷರ ಅಕ್ಷರ ನೆನಪಿದೆ. ‘ನೀ ಯಾವ ಡಾಕ್ಟರ್ ಮುಂದ, ಯಾರ ಮುಂದ ಬಾಯಿ ಬಿಟ್ಟರೂ ನಾ ಜೇಲಿಗೆ ಹೋಗಬೇಕು, ಗೀತಾ ಬೀದಿಗೆ ಬೀಳ್ತಾಳ. ತಿಳೀತೇನು?’

‘ತಿಳೀತಕ್ಕ’ ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಾಳೆಯನ್ನು ಮಡಚಿ ನನ್ನ ಕೈಚೀಲದ ಒಳಜೇಬಿಗೆ ಹಾಕಿಕೊಂಡೆ.

ಸಿಟ್ಟು ಇಳಿದ ಮೇಲೆ ನನಗೆ ಭಯವಾಯಿತು ಎನ್ನುವುದೂ ನಿಜ. ‘ಎಮ್ಮಿಗನೂರಿಗೆ ಹೋಗಿ ತೋರಿಸ್ಕೊಂಡು ಬರೂಣ, ಅಲ್ಲಿ ಯಾರಿಗೂ ನಮ್ಮ ಗುರ್ತಿಲ್ಲ’ ಎಂದು ಮೂರು ನಾಲ್ಕು ಸಲ ಕರೆದೆ. ಪಾರಿ ಪ್ರತಿ ಸಲ ನಕ್ಕಳು. ‘ಹಾಳ್ಯಾಗ ಯಾರ ಹೆಸರೈತಿ? ನಿಂದು. ರೋಗಾನೂ ನಿಂದಽ. ನಿನ್ನ ರೋಗ ನನಗ್ಯಾಕ ಕಟ್ತೀ?’ ಎಂದಳು. ಲ್ಯಾಬಿನವರು ಸೀಸೆ ಅದಲುಬದಲು ಮಾಡಿರಬೇಕು ಎಂದಳು. ನಾನು ನಂಬಿದೆ. ಸರಿಯಾಗಿ ಹೇಳಬೇಕೆಂದರೆ ನಂಬುವುದು ನನಗೆ ಅನುಕೂಲವಾಗಿತ್ತು. ಕರೆದಾಗಲೆಲ್ಲ ಅವಳು ಬರುವುದಿಲ್ಲ ಎಂದರೆ ಎದೆಯ ಒಂದು ಮೂಲೆಯಲ್ಲಿ ಹಗುರವಾಗುತ್ತಿತ್ತು.

ಆ ವರ್ಷ ಕಣ್ಣಿಗೆ ಬಿದ್ದರೂ ನಾನು ನೋಡದೆ ಬಿಟ್ಟದ್ದು ಬಹಳ. ಪಾರಿ ಹಾಸಿಗೆಯ ಹತ್ತಿರ ತಂಬಿಗೆಯ ಬದಲು ಕೊಡವನ್ನೇ ಇಟ್ಟುಕೊಂಡು ಮಲಗುತ್ತಿದ್ದಳು. ಯುಗಾದಿಗೆ ಹೋಳಿಗೆ ಮಾಡಿ ಎಲ್ಲರಿಗೂ ಬಡಿಸಿ, ತಾನು ಹಲ್ಲು ನೋವೆಂದು ಅನ್ನ ಸಾರು ಉಂಡಳು. ಅವಳ ಕುಪ್ಪಸಗಳು ಜೋತು ಬಿದ್ದವು. ನನ್ನ ಗುಳಿಗೆ ತಿಂಗಳು ಮುಗಿಯುವ ಮೊದಲೇ ಮುಗಿಯುತ್ತಿದ್ದವು. ಮೆಡಿಕಲ್ ಅಂಗಡಿಯವನ ಜೊತೆ ಎರಡು ಸಲ ಜಗಳ ತೆಗೆದೆ. ‘ಗುಳಿಗಿ ಸೀಟು ಪೂರಾ ಕೊಟ್ಟೀನಿ ತಾಯಿ, ನಿಮ್ಮ ಮನ್ಯಾಗ ಇಲಿ ತಿಂತಾವೇನು ನೋಡ್ರಿ’ ಎಂದು ಅವನೂ ಜಗಳಕ್ಕೆ ನಿಂತ.

ರಿಪೋರ್ಟು ಬಂದು ಹನ್ನೊಂದನೆಯ ತಿಂಗಳು. ಮದುವೆ ಮನೆಯ ದೊಡ್ಡ ಆರ್ಡರು, ನಾನು, ಪಾರಿ ಎರಡು ಒಲೆ ಹಚ್ಚಿ ಎದುರುಬದುರು ಕೂತಿದ್ದೆವು. ನಮ್ಮದು ಹತ್ತಿ ಕಟ್ಟಿಗೆಯ ಒಲೆ, ಉರಿ ಚೆನ್ನಾಗಿ ಬರುತ್ತದೆ, ಕೆಂಡ ಸಿಡಿಯುತ್ತದೆ. ಗೀತಾ ರೊಟ್ಟಿಯನ್ನು ಬುಟ್ಟಿಗೆ ಜೋಡಿಸುತ್ತಿದ್ದಳು. ಏನೋ ಸುಟ್ಟ ವಾಸನೆ ಬಂತು.

‘ಯಾವ ರೊಟ್ಟಿ ಹೊತ್ತಿತು ನೋಡಕ್ಕ’ ಎಂದಳು ಪಾರಿ.

ನಾನು ನನ್ನ ಹಂಚು ನೋಡಿದೆ, ಅವಳೂ ತನ್ನ ಹಂಚು ನೋಡಿದಳು. ವಾಸನೆ ಹೆಚ್ಚಾಯಿತು. ಗೀತಾ ಬುಟ್ಟಿ ಎತ್ತಲು ಬಗ್ಗಿದವಳು, ‘ಚಿಗವ್ವಾ, ಕಾಲು!’ ಎಂದು ಕಿರುಚಿದಳು. ಪಾರಿಯ ಎಡಗಾಲಿನ ಬೆರಳ ಸಂದಿಯಲ್ಲಿ ಕೆಂಡ ಕೂತಿತ್ತು. ಅದು ಯಾವಾಗ ಬಿತ್ತೋ. ಪಾರಿ ಗೀತಾ ಕಿರುಚಿದ ಮೇಲೆ ಬಗ್ಗಿ ನೋಡಿದಳು. ಕೈಯಿಂದ ಕೆಂಡ ಕೊಡವಿ, ನಮ್ಮಿಬ್ಬರ ಮುಖ ನೋಡಿ, ಆಮೇಲೆ ‘ಹಾ’ ಎಂದಳು. ನೋವಾಗಿದೆ ಎಂದು ನಮಗೆ ತೋರಿಸಲು ಆಡಿದ ‘ಹಾ’ ಅದು. ಅದನ್ನು ಕೇಳಿದ ಮೇಲೆ ನನಗೆ ಎಲ್ಲ ತಿಳಿಯಿತು. ನಂಬದೆ ಇರಲು ಆಮೇಲೆ ಯಾವ ದಾರಿಯೂ ಉಳಿಯಲಿಲ್ಲ.

ಅರಿಸಿನ, ಕೊಬ್ಬರಿ ಎಣ್ಣೆ ಎಂದು ಅವಳು ಒಂಬತ್ತು ದಿನ ತಳ್ಳಿದಳು. ‘ಸುಟ್ಟ ಗಾಯ, ತಾನಽ ಮಾಯತೈತಿ’ ಎಂದಳು. ನಾನು ಆಸ್ಪತ್ರೆಗೆ ಎಳೆದಷ್ಟೂ ಅವಳು ಹಿಂದೆ ಸರಿದಳು. ಕೊನೆಗೆ ಮಲ್ಲಪ್ಪ ಬ್ಯಾಂಡೇಜು ಬಿಚ್ಚಿ ನೋಡಿದಾಗ ಎರಡು ಬೆರಳು ಕಪ್ಪಾಗಿದ್ದವು. ಆದೋನಿಯ ಡಾಕ್ಟರು ನೋಡಿದವರೇ ಕರ್ನೂಲಿಗೆ ಒಯ್ಯಿರಿ ಎಂದರು.

ಕರ್ನೂಲಿನ ಆಸ್ಪತ್ರೆಯಲ್ಲಿ ಸಣ್ಣ ವಯಸ್ಸಿನ ಡಾಕ್ಟರು. ತೆಲುಗಿನಲ್ಲಿ, ‘ಷುಗರ್ ಎಪ್ಪಟ್ನುಂಚಿ ಉಂದಮ್ಮಾ?’ ಎಂದು ಕೇಳಿದ, ಎಂದಿನಿಂದ ಇದೆ ಎಂದು. ಪಾರಿ ಸ್ಟ್ರೆಚರಿನ ಮೇಲೆ ಮಲಗಿದ್ದಳು.

‘ಲೇದು ಸಾರ್. ಅದಿ ಮಾ ಅಕ್ಕಕಿ’ ಎಂದಳು.

ನನಗಿಲ್ಲ, ಅದು ನಮ್ಮ ಅಕ್ಕನಿಗೆ. ಮಲ್ಲಪ್ಪನೂ, ‘ಹೌದ್ರಿ ಸಾರ್, ನಮ್ಮ ಅತ್ತಿಗೀಗೆ ಐತಿ, ಈಕೀಗೆ ಇಲ್ಲ’ ಎಂದ. ಬೆರಳು ಚುಚ್ಚಿ ನೋಡಿದರೆ ನಾಲ್ಕುನೂರ ಅರವತ್ತು. ಡಾಕ್ಟರು ಸಿಟ್ಟಿನಿಂದ, ಇಷ್ಟು ಸಕ್ಕರೆ ಒಂದು ದಿನಕ್ಕೆ ಬಂದದ್ದಲ್ಲ, ಹಳೆಯ ರಿಪೋರ್ಟು ಏನೂ ಇಲ್ಲವೇ ಎಂದ. ನಾನು ಕೈಚೀಲದ ಒಳಜೇಬು ತೆರೆದು ಹಾಳೆ ಕೊಟ್ಟೆ. ಅವನು ಓದಿ ಹುಬ್ಬು ಗಂಟು ಹಾಕಿದ. ಹೆಸರು ಬೇರೆ ಇದೆಯಲ್ಲಮ್ಮಾ ಎಂದ.

‘ಹೆಸರು ನಂದು ಸಾರ್. ರಕ್ತ ಆಕೀದು’ ಎಂದೆ.

ಪಾರಿ ಮುಖ ಗೋಡೆಯ ಕಡೆ ತಿರುಗಿಸಿದಳು. ಮಲ್ಲಪ್ಪ ಡಾಕ್ಟರ ಕೈಯಿಂದ ಹಾಳೆ ಇಸಿದುಕೊಂಡು ತಾರೀಕು ಓದಿದ. ಅವನು ಹೊಡೆದಿದ್ದರೆ ಚೆನ್ನಾಗಿತ್ತು. ‘ಅತ್ತಿಗಿ, ಇದನ್ನ ಒಂದು ವರ್ಷ ಚೀಲದಾಗ ಇಟಗೊಂಡು ಅಡ್ಡಾಡಿದ್ರೇನು?’ ಎಂದಷ್ಟೇ ಕೇಳಿದ. ಅದಾದ ಮೇಲೆ ಇಂದಿನವರೆಗೆ ಅವನು ನನ್ನನ್ನು ಮಾತಾಡಿಸಿಲ್ಲ.

ಮೊದಲು ಎರಡು ಬೆರಳು ತೆಗೆದರು. ಐದು ದಿನಕ್ಕೆ ಮೊಣಕಾಲಿನ ಕೆಳಗೆ ತೆಗೆದರು. ರೇಷನ್ ಕಾರ್ಡಿನ ಮೇಲೆ ಎಲ್ಲ ಪುಕ್ಕಟೆ ನಡೆಯಿತು, ಪಕ್ಕದ ಹಾಸಿಗೆಯ ಹಣ್ಣು ಮಾರುವ ಹೆಂಗಸು ತನ್ನ ಗಂಜಿಯಲ್ಲಿ ನನಗೂ ಪಾಲು ಕೊಟ್ಟಳು, ಹೆಸರೂ ಕೇಳದೆ. ಪಾರಿಯ ಕಾಲಿನ ವಿಷ ಅಷ್ಟರಲ್ಲಿ ಮೈಗೆಲ್ಲ ಏರಿತ್ತು. ಹದಿನೆಂಟನೆಯ ದಿನ ಹೋದಳು. ಅವಳಿಗೆ ನಲವತ್ತೆರಡು.

ಮನೆಗೆ ತಂದು ಕೂರಿಸಿದಾಗ ಮುತ್ತೈದೆಯರು ಅರಿಸಿನ ಕುಂಕುಮ ಹಚ್ಚಿ ಹಸಿರು ಬಳೆ ತೊಡಿಸಿದರು. ನಾನು ಹತ್ತಿರ ಹೋಗಿ ಕೆದರಿದ ಕೂದಲು ಸರಿ ಮಾಡಲು ಕೈ ಚಾಚಿದೆ. ಅತ್ತೆ ಎಂಬತ್ತರ ಕೈಯಲ್ಲಿ ನನ್ನ ಮುಂಗೈ ಹಿಡಿದರು. ಬಿಡಿಸಿಕೊಳ್ಳಲು ಆಗಲಿಲ್ಲ.

‘ಮುಟ್ಟಬ್ಯಾಡ. ನೀನಽ ಒರಿಸಿದಾಕಿ. ಸತ್ತವನ ಹೆಂಡ್ತಿ ಅಂತ ಆಕಿ ಬಾಯಾಗ ಹೇಳಿಸಿದಿ, ಅಂವ ಬಂದು ಕರಕೊಂಡು ಹೋದ. ನಿನ್ನ ರೋಗ ಆಕಿಗೆ ದಾಟಿಸಿ ನೀ ಗುಂಡುಕಲ್ಲಿನಂಗ ಕುಂತೀ’ ಎಂದರು, ಎಲ್ಲರ ಮುಂದೆ. ರೋಗ ಹಾಗೆ ದಾಟುವುದಿಲ್ಲ ಎಂದು ಹತ್ತನೆಯವರೆಗೆ ಓದಿದ ನನಗೆ ಗೊತ್ತು. ಓಣಿಯ ಅರ್ಧ ಜನ ಇಂದಿಗೂ ಅತ್ತೆಯ ಮಾತನ್ನೇ ನಂಬುತ್ತಾರೆ, ಶುಗರ್ ಇರುವ ನನ್ನ ಕೈಯಿಂದ ಅತ್ತೆ ರೊಟ್ಟಿಯನ್ನೂ ತೆಗೆದುಕೊಳ್ಳುವುದಿಲ್ಲ. ಚಹಾಕ್ಕೆ ಮೂರು ಚಮಚ ನಡೆದೇ ಇದೆ.

ದಿನಕರ್ಮ ಮುಗಿದ ಮೇಲೆ ಪಾರಿಯ ಟ್ರಂಕು ತೆರೆದೆವು. ಮದುವೆಯ ಸೀರೆಯ ಮಡಿಕೆಯಲ್ಲಿ ಖಾಲಿ ಗುಳಿಗೆ ಸೀಟುಗಳು, ರಬ್ಬರ್ ಬ್ಯಾಂಡು ಹಾಕಿ ಜೋಡಿಸಿಟ್ಟಿದ್ದಳು. ನನ್ನ ಗುಳಿಗೆಗಳವು. ಇಲಿ ತಿಂದದ್ದಲ್ಲ. ರಿಪೋರ್ಟು ಬಂದ ದಿನದಿಂದಲೇ ಅವಳಿಗೆ ಗೊತ್ತಿತ್ತು. ಡಾಕ್ಟರ ಹತ್ತಿರ ಹೋದರೆ ತನ್ನ ಹೆಸರಿನಲ್ಲಿ ಒಂದು ಚೀಟಿ ಆಗುತ್ತದೆ, ಚೀಟಿಯಾದರೆ ಕಂಪನಿಗೆ ತಿಳಿಯುತ್ತದೆ, ಅಕ್ಕ ಜೇಲಿಗೆ ಹೋಗುತ್ತಾಳೆ ಎಂದುಕೊಂಡು, ನನ್ನ ಡಬ್ಬಿಯಿಂದ ದಿನ ಬಿಟ್ಟು ದಿನ ಒಂದೊಂದು ಕದ್ದು ನುಂಗಿದ್ದಾಳೆ. ಮೆಡಿಕಲ್ ಅಂಗಡಿಯವನಿಗೆ ನಾನು ಬೈಯುವಾಗ ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು.

ಮಲ್ಲಪ್ಪ ಮನೆ ಬಿಟ್ಟು ಮಿಲ್ಲಿನ ಕೋಣೆಗೆ ಹೋದ. ಒಡೆಯುವುದಿಲ್ಲ ಎಂದಿದ್ದ ಮನೆ ಒಡೆಯಿತು. ಮರುವರ್ಷ ನಾನು ವೀರೇಶನನ್ನು ಬಿಟ್ಟು ಬೇರೊಬ್ಬ ಏಜೆಂಟ್ ಹೆಂಗಸಿನ ಹತ್ತಿರ ಹೋದೆ. ಅವಳು ನನ್ನ ರಿಪೋರ್ಟು ನೋಡಿ, ‘ಇಷ್ಟಽನೇನಮ್ಮಾ? ಶುಗರ್ ಐತಿ ಅಂತ ಬರದ್ರೂ ಕೊಡ್ತಾರ, ಕಂತು ಸ್ವಲ್ಪ ಜಾಸ್ತಿ ಅಷ್ಟ’ ಎಂದಳು. ನಾನು ಅವಳ ಮುಂದೆ ಗೊಳೋ ಎಂದು ಅತ್ತುಬಿಟ್ಟೆ. ಅವಳಿಗೆ ಯಾಕೆಂದು ತಿಳಿಯಲಿಲ್ಲ, ನೀರು ತಂದುಕೊಟ್ಟಳು. ಫಾರಂನಲ್ಲಿ ಎಲ್ಲ ನಿಜ ಬರೆದೆ. ಮುಂದಿನ ಪುಟದಲ್ಲಿ, ಹಿಂದೆ ಯಾವ ಕಂಪನಿಯಾದರೂ ನಿಮ್ಮನ್ನು ಬೇಡ ಎಂದಿದೆಯೇ ಎಂಬ ಪ್ರಶ್ನೆ. ಅದಕ್ಕೂ ಹೌದು ಎಂದೆ. ಕಂಪನಿಯವರು ಹಳೆಯ ಹನ್ನೊಂದರ ರಿಪೋರ್ಟು ಕೇಳಿದರು. ಶುಗರ್ ಇಲ್ಲ ಎಂದು ಆಗ ಬರೆದದ್ದು ಸುಳ್ಳು ಎಂದು ಅದರಿಂದಲೇ ಗೊತ್ತಾಯಿತು. ಆಗುವುದಿಲ್ಲ ಎಂದು ಪತ್ರ ಬಂತು. ತಪ್ಪು ಅವರದಲ್ಲ.

ಹಾಗಾಗಿ ನನ್ನ ಹತ್ತಿರ ಪಾಲಿಸಿ ಇಲ್ಲ. ‘ನಾನಿಲ್ಲೇನು’ ಎಂದಿದ್ದವಳೂ ಇಲ್ಲ. ಗೀತಾ ಈಗ ಡಿಗ್ರಿ ಎರಡನೇ ವರ್ಷ. ವರ್ಷಕ್ಕೊಮ್ಮೆ ಅವಳನ್ನು ಲ್ಯಾಬಿಗೆ ಕರೆದೊಯ್ಯುತ್ತೇನೆ, ಕೌಂಟರಿನಲ್ಲಿ ಹೆಸರನ್ನು ಅವಳ ಬಾಯಿಂದಲೇ ಗಟ್ಟಿಯಾಗಿ ಹೇಳಿಸುತ್ತೇನೆ. ಸದ್ಯಕ್ಕೆ ಏನೂ ಇಲ್ಲ. ನನ್ನ ಶುಗರ್ ಹತೋಟಿಯಲ್ಲಿದೆ, ಗುಳಿಗೆಗಳು ತಿಂಗಳು ಪೂರ್ತಿ ಬರುತ್ತವೆ. ನೀವು ಫಾರಂ ಮುಂದೆ ಕೂತಿದ್ದರೆ ‘ಹೌದು’ ಎಂದು ಬರೆಯಿರಿ. ಮನೆಯಲ್ಲಿ ಎಲ್ಲರ ರಕ್ತವನ್ನೂ ನೋಡಿಸಿರಿ, ಗಟ್ಟಿಮುಟ್ಟಾಗಿ ಕಾಣುವವರದನ್ನು ಮೊದಲು.

ಒಂದು ಮಾತು ಮಾತ್ರ ಗೀತಾಳಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತೇನೆ. ಕರ್ನೂಲಿನ ಆಸ್ಪತ್ರೆಯಲ್ಲಿ ಹದಿನಾರನೆಯ ದಿನ ಮಧ್ಯಾಹ್ನ, ಪಾರಿಗೆ ಜ್ವರ ಏರಿತ್ತು. ಕಾಲು ತೆಗೆದದ್ದೂ ಒಮ್ಮೊಮ್ಮೆ ಮರೆತುಹೋಗುತ್ತಿತ್ತು. ನರ್ಸು ಬಂದು ಇನ್ಸುಲಿನ್ ಚುಚ್ಚಿ ಹೊರಡುವುದರಲ್ಲಿದ್ದಳು. ಪಾರಿ ಕಣ್ಣು ತೆರೆದು ನನ್ನ ಸೆರಗು ಹಿಡಿದಳು.

‘ಅಕ್ಕಾ, ಪಾಲಿಸಿ ಬಂತೇನು?’

‘ಬಂತವ್ವ’ ಎಂದೆ.

‘ಖರೇನಽ?’

‘ಖರೇನಽ. ಗೀತಾನ ಹೆಸರಿಗೆ ಬರಸೀನಿ.’

ಮುಖದಲ್ಲಿ ಎಷ್ಟೋ ದಿನದ ಮೇಲೆ ನಗೆ ಬಂತು. ‘ಹಂಗಾರ ಇನ್ನ ನಾ ಹೇಳಬಹುದಲ್ಲ?’ ಎಂದಳು.

‘ಹೇಳು’ ಎಂದೆ.

ಪಾರಿ ನರ್ಸನ್ನು ಕೈಸನ್ನೆ ಮಾಡಿ ಹತ್ತಿರ ಕರೆದಳು, ಓಣಿಗೆ ಕೇಳಬಾರದ ಗುಟ್ಟು ಹೇಳುವವಳ ಹಾಗೆ ದನಿ ಇಳಿಸಿ, ‘ಸಿಸ್ಟರ್, ನಾಕು ಕೂಡಾ ಷುಗರ್ ಉಂದಿ’ ಎಂದಳು. ನನಗೂ ಶುಗರ್ ಇದೆ.

ಹದಿನಾರು ದಿನದಿಂದ ಅವಳಿಗೆ ಸೂಜಿ ಚುಚ್ಚುತ್ತಿದ್ದ ನರ್ಸು ಖಾಲಿ ಸಿರಿಂಜು ಹಿಡಿದುಕೊಂಡು ನನ್ನ ಮುಖ ನೋಡಿದಳು.